ಡಿಕ್ಕಿಯ ಕೆಳಗೊಂದು ಟರ್ಬೊ

ಕಳೆದ ಭಾನುವಾರ ಅಕ್ಕನ ಮಗ ಊಟಕ್ಕೆ ಬಂದಿದ್ದ. ರೊಟ್ಟಿ ಮುರಿಯುತ್ತಲೇ ಮೊಬೈಲು ತೆಗೆದು ಒಂದು ವಿಡಿಯೊ ತೋರಿಸಿದ. ಯಾರೋ ಅಮೆರಿಕದವನು ಕಾರಿನ ಹಿಂದಿನ ಸೈಲೆನ್ಸರ್ ಕಿತ್ತುಹಾಕಿ ಆ ಜಾಗದಲ್ಲಿ ಟರ್ಬೊಚಾರ್ಜರ್ ಕೂರಿಸುತ್ತಿದ್ದ. "ಮಾಮಾ, ನಮ್ಮ ಗಾಡಿಗೂ ಹಿಂಗ ಮಾಡಿದ್ರ ಹೆಂಗ? ಬಾನೆಟ್ಟಿನ್ಯಾಗ ಜಾಗಾನ ಇಲ್ಲ ನೋಡ್ರಿ" ಅಂದ.

ನಮ್ಮ ಗಾಡಿ ಅಂದರೆ ಭಾವ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಕೊಂಡ 1.2 ಲೀಟರಿನ ಪೆಟ್ರೋಲ್ ಕಾರು. ಹಬ್ಬಕ್ಕೆ ಅಕ್ಕ-ಭಾವ ಪುಣೆಯಿಂದ ಬಾಗಲಕೋಟೆಗೆ ಹೋಗುವುದೂ ಅದರಲ್ಲೇ!

ಭೋಸರಿಯಲ್ಲಿ ಇಪ್ಪತ್ತೈದು ವರ್ಷ ಎಂಜಿನ್ ಬಿಡಿಭಾಗಗಳ ನಡುವೆ ಕಳೆದವನು ನಾನು. ಮೊದಲು ನಗು ಬಂತು. ಆದರೆ ನಕ್ಕು ತಳ್ಳಿಹಾಕುವಂಥ ಐಡಿಯಾ ಇದಲ್ಲ. ಅಮೆರಿಕದ ಸ್ಕ್ವೈರ್ಸ್ ಟರ್ಬೊ ಸಿಸ್ಟಮ್ಸ್‌ನವರು 2000ದ ದಶಕದಲ್ಲೇ ಇಂಥ ಕಿಟ್ ಮಾಡಿ ಮಾರಿದ್ದಾರೆ. ಅಲ್ಲಿನ ದೊಡ್ಡ ವಿ8 ಎಂಜಿನ್ನುಗಳ ಪಕ್ಕದಲ್ಲಿ ಕೈ ಹಾಕಲೂ ಜಾಗವಿರುವುದಿಲ್ಲ, ಹಿಂದೆ ಬೇಕಾದಷ್ಟು ಜಾಗವಿರುತ್ತದೆ. ಬಾನೆಟ್ಟಿನೊಳಗೆ ಬಿಸಿ ಏರುವುದಿಲ್ಲ, ಕ್ಯಾಟಲಿಟಿಕ್ ಕನ್ವರ್ಟರ್ ಇದ್ದಲ್ಲೇ ಇರುತ್ತದೆ, ಒತ್ತಿದ ಗಾಳಿ ಉದ್ದದ ಪೈಪಿನಲ್ಲಿ ಮುಂದಕ್ಕೆ ಬರುವಾಗ ಸ್ವಲ್ಪ ತಣಿಯುತ್ತದೆ ಕೂಡ.

"ಅಷ್ಟು ದೂರದಿಂದ ಗಾಳಿ ಬರುವಷ್ಟರಲ್ಲಿ ಸಿಗ್ನಲ್ ಮತ್ತೆ ಕೆಂಪಾಗಿರುತ್ತೆ" ಎಂದು ಗೇಲಿ ಮಾಡುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಎರಡು ಇಂಚಿನ, ಮೂರು ಮೀಟರ್ ಪೈಪಿನಲ್ಲಿ ಹಿಡಿಯುವುದು ಸುಮಾರು 6 ಲೀಟರ್ ಗಾಳಿ. ಅದರಲ್ಲಿ ಅರ್ಧ ಬಾರ್ ಒತ್ತಡ ಏರಿಸಲು ಇನ್ನು 3 ಲೀಟರ್ ತುಂಬಬೇಕು. 1.2 ಲೀಟರಿನ ಎಂಜಿನ್ 3000 ಆರ್‌ಪಿಎಮ್‌ನಲ್ಲಿ ಸೆಕೆಂಡಿಗೆ ಹತ್ತಿರ ಹತ್ತಿರ 30 ಲೀಟರ್ ಎಳೆಯುತ್ತದೆ. ಅಂದರೆ ತಡಕ್ಕೆ ಮುಖ್ಯ ಕಾರಣ ಈ ಪೈಪಲ್ಲ, ಹೊಗೆ. ಎಂಜಿನ್ನಿಂದ ಕೆಂಡದಂತೆ ಹೊರಟ ಹೊಗೆ ಹಿಂದೆ ತಲುಪುವಷ್ಟರಲ್ಲಿ ತಣಿದು ಕುಗ್ಗಿರುತ್ತದೆ, ಟರ್ಬೈನ್ ತಿರುಗಿಸುವ ಕಸುವು ಅಷ್ಟು ಕಡಿಮೆ. ಅದಕ್ಕೇ ಹಿಂದೆ ಸಣ್ಣ ಟರ್ಬೈನ್ ಹೌಸಿಂಗ್ ಹಾಕುತ್ತಾರೆ, ಪೈಪಿಗೆ ಬಟ್ಟೆಯಂಥ ಪಟ್ಟಿ ಸುತ್ತುತ್ತಾರೆ. ಇಷ್ಟು ಮಾಡಿದರೆ ಕೆಲಸ ನಡೆಯುತ್ತದೆ.

ಹಾಗಿದ್ದೂ ನಾನು ಬೇಡ ಅಂದೆ. ಮೊದಲ ಕಾರಣ ಆಯಿಲ್.

ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತು ತಿರುಗುತ್ತದೆ. ಅದರ ಶಾಫ್ಟು ನಿಂತಿರುವುದೇ ಎಂಜಿನ್ ಆಯಿಲಿನ ತೆಳು ಪದರದ ಮೇಲೆ. ಮುಂದೆ ಇರುವ ಟರ್ಬೊದಿಂದ ಆಯಿಲ್ ತಾನಾಗಿ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ಡಿಕ್ಕಿಯ ಕೆಳಗಿಟ್ಟರೆ ಇಳಿಯುವುದಾದರೂ ಎಲ್ಲಿಗೆ? ಅಲ್ಲಿಂದ ಎತ್ತಿ ಮುಂದಕ್ಕೆ ಕಳಿಸಲು ಒಂದು ಪುಟ್ಟ ಎಲೆಕ್ಟ್ರಿಕ್ ಪಂಪ್ ಬೇಕು. ಅದು ನಿಂತಿತೋ, ಆಯಿಲ್ ಟರ್ಬೊದಲ್ಲಿ ತುಂಬಿ, ಸೀಲ್ ದಾಟಿ, ಸೈಲೆನ್ಸರಿನಿಂದ ಬಿಳಿ ಹೊಗೆಯಾಗಿ ಹೋಗುತ್ತದೆ. ಕತ್ತಲಲ್ಲಿ ಹಿಂದಿನ ಹೊಗೆ ಯಾರಿಗೆ ಕಾಣಬೇಕು? ಆಯಿಲ್ ದೀಪ ಹೊತ್ತುವ ಹೊತ್ತಿಗೆ ಚೇಂಬರಿನಲ್ಲಿ ಏನೂ ಉಳಿದಿರುವುದಿಲ್ಲ. ಸೊಲ್ಲಾಪುರ ದಾಟಿ ರಾತ್ರಿ ಹನ್ನೊಂದಕ್ಕೆ, ಹಿಂದಿನ ಸೀಟಿನಲ್ಲಿ ಮಂಡಿನೋವಿನ ಅಕ್ಕ. ಯೋಚನೆ ಮಾಡಿ.

ಎರಡನೆಯದು ನೀರು. ಗಾಳಿ ಎಳೆಯುವ ಫಿಲ್ಟರ್ ಹಿಂದಿನ ಚಕ್ರದ ಪಕ್ಕ, ಮೊಣಕಾಲಿಗಿಂತ ಕೆಳಗೆ ಕೂರುತ್ತದೆ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಸುರಿದಂತೆ 944 ಮಿ.ಮೀ. ಮಳೆ ಬೇಕಾಗಿಲ್ಲ, ನಮ್ಮ ಪುಣೆಯ ಯಾವುದಾದರೂ ಅಂಡರ್‌ಪಾಸ್ ಸಾಕು. ಸಿಲಿಂಡರಿಗೆ ನೀರು ಹೋದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ.

ಇನ್ನು ಎಂಜಿನ್ ನಾಕಿಂಗ್, ಇಸಿಯು ಟ್ಯೂನಿಂಗ್ ಇದ್ದದ್ದೇ, ಟರ್ಬೊ ಎಲ್ಲಿಟ್ಟರೂ ತಪ್ಪಿದ್ದಲ್ಲ. ಕಾನೂನೂ ಅಷ್ಟೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ನಾಳೆ ಅಪಘಾತವಾದರೆ ಇನ್ಶೂರೆನ್ಸ್‌ನವರಿಗೆ ಕ್ಲೇಮ್ ತಳ್ಳಿಹಾಕಲು ನಾವೇ ಕಾರಣ ಕೊಟ್ಟಂತೆ. ಕಂಪನಿಯಿಂದಲೇ ಒಂದು ಲೀಟರ್ ಟರ್ಬೊ ಪೆಟ್ರೋಲ್ ಕಾರು ಬರುತ್ತಿರುವ ಕಾಲದಲ್ಲಿ ಭಾವನ ಗಾಡಿಯ ಮೇಲೆ ಯಾಕೆ ಈ ಪ್ರಯೋಗ? ತನ್ನ ದುಡ್ಡಿನಲ್ಲಿ ಹಳೆಯ ಎಂಜಿನ್ನೊಂದನ್ನು ತಂದು ಸ್ಟ್ಯಾಂಡಿನ ಮೇಲೆ ಕಟ್ಟಿ ಕಲಿಯುತ್ತೇನೆ ಅಂದರೆ ಸ್ಪ್ಯಾನರ್ ಹಿಡಿದು ನಾನೂ ಹೋಗುತ್ತೇನೆ, ನಿಜವಾಗಿ.

"ನೀವು ಎಲ್ಲಾದಕ್ಕೂ ಬ್ಯಾಡ ಅಂತೀರಿ ಮಾಮಾ" ಎಂದು ಮುಖ ಸಣ್ಣದು ಮಾಡಿ ಹೋದ. ಬರುವ ಭಾನುವಾರ ಗಾಡಿ ತಗೊಂಡು ಬಾ, ಜ್ಯಾಕ್ ಹಾಕಿ ಎತ್ತೋಣ ಅಂದಿದ್ದೇನೆ. ನಮ್ಮ ಸೊಸೈಟಿಯ ಗೇಟಿನ ಸ್ಪೀಡ್ ಬ್ರೇಕರ್ ಒಂದಕ್ಕೇ ಆ ಸೈಲೆನ್ಸರಿನ ಹೊಟ್ಟೆ ಎಷ್ಟು ಕಡೆ ಉಜ್ಜಿದೆ ಅಂತ ಅವನೇ ಬಗ್ಗಿ ನೋಡಲಿ.