ಗಿಡಕ್ಕೆ ಹಸಿವೋ, ಅಜೀರ್ಣವೋ?

ರಜೆಯಲ್ಲಿ ಮನೆಯ ತಾರಸಿಯ ಮೇಲೆ ಪ್ಲಾಸ್ಟಿಕ್ ಟಬ್ ಇಟ್ಟು, ಮಣ್ಣಿಲ್ಲದೆ ಪಾಲಕ್ ಬೆಳೆಯಲು ಹೊರಟೆ. ಕೊಳವೆಬಾವಿಯ ನೀರಿಗೆ ಅಂಗಡಿಯಿಂದ ತಂದ ಪೋಷಕ ದ್ರಾವಣ ಬೆರೆಸಿದೆ. ಮೂರನೇ ವಾರಕ್ಕೆ ಎಳೆಯ ಎಲೆಗಳು ಹಳದಿಯಾದವು. ನರಗಳು ಮಾತ್ರ ಹಸಿರು. "ಪಾಪ, ಹಸಿದಿರಬೇಕು. ಇನ್ನೊಂದು ಮುಚ್ಚಳ ಹಾಕು" ಎಂದರು ಅಮ್ಮಿ. ಹಾಕಿದೆ. ಎಲೆಗಳ ಅಂಚು ಸುಟ್ಟುಹೋಯಿತು.

ಕಾಲೇಜು ತೆರೆದ ಮೇಲೆ ಆ ನೀರನ್ನು ಬಾಟಲಿಯಲ್ಲಿ ತಂದು ನಮ್ಮ ಜೀವಶಾಸ್ತ್ರ ಉಪನ್ಯಾಸಕರಿಗೆ ತೋರಿಸಿದೆ. ಪಿಎಚ್ ಕಾಗದ ಅದ್ದಿದರೆ 8ರ ಹತ್ತಿರ! ಇರಬೇಕಾದದ್ದು 5.5ರಿಂದ 6.5. ನೀರು ಇಷ್ಟು ಕ್ಷಾರೀಯವಾದರೆ ಅದರಲ್ಲಿರುವ ಕಬ್ಬಿಣ ಬೇರಿಗೆ ಸರಿಯಾಗಿ ದಕ್ಕುವುದಿಲ್ಲ. ಕಬ್ಬಿಣ ಹಳೆಯ ಎಲೆಯಿಂದ ಹೊಸ ಎಲೆಗೆ ಸುಲಭವಾಗಿ ಸಾಗದು, ಅದಕ್ಕೇ ಹಳದಿ ಮೊದಲು ಚಿಗುರಿನಲ್ಲಿ ಕಾಣುತ್ತದೆ. ಸಾರಜನಕ ಕಡಿಮೆಯಾದರೆ ಮೊದಲು ಸೊರಗುವುದು ಹಳೆಯ ಎಲೆ. ನಾನು ಸುರಿದ ಹೆಚ್ಚುವರಿ ಗೊಬ್ಬರವೋ ನೀರಿನಲ್ಲಿ ಲವಣ ಹೆಚ್ಚಿಸಿ, ಬೇರು ನೀರು ಹೀರುವುದನ್ನೇ ಕಷ್ಟವಾಗಿಸಿತ್ತು. ಊಟವಿತ್ತು, ಉಣ್ಣಲು ಆಗುತ್ತಿರಲಿಲ್ಲ. ನೀರು ಬದಲಿಸಿ ಪಿಎಚ್ ಇಳಿಸಿದ ಮೇಲೆ ಬಂದ ಚಿಗುರು ಹಸಿರಾಗಿಯೇ ಬಂತು.

ನನ್ನ ಅಭಿಪ್ರಾಯ ಇಷ್ಟೇ: ಅಳೆಯದೆ ಉಣಿಸಬಾರದು. ಇದನ್ನು ಕಲಿಯಬೇಕಾದ ಜಾಗ ನಮ್ಮ ಪ್ರಯೋಗಾಲಯ. 1860ರಲ್ಲಿ ಜರ್ಮನಿಯ ಜೂಲಿಯಸ್ ವಾನ್ ಸ್ಯಾಕ್ಸ್ ಮಣ್ಣಿಲ್ಲದೆ, ಲವಣಗಳ ದ್ರಾವಣದಲ್ಲೇ ಗಿಡ ಬೆಳೆಸಿ ತೋರಿಸಿದರು. ಒಂದೊಂದು ಧಾತುವನ್ನು ಬಿಟ್ಟು ನೋಡುವ ಈ ದಾರಿಯಿಂದಲೇ ಗಿಡಕ್ಕೆ ಅಗತ್ಯವಾದ 17 ಧಾತುಗಳ ಪಟ್ಟಿ ಬೆಳೆಯಿತು. ಇದನ್ನು ಹೇಳುತ್ತಿದ್ದ 'ಖನಿಜ ಪೋಷಣೆ' ಅಧ್ಯಾಯವನ್ನು ಕೋವಿಡ್ ನಂತರದ ಪಠ್ಯ ಕಡಿತದಲ್ಲಿ ಎನ್‌ಸಿಇಆರ್‌ಟಿ 11ನೇ ತರಗತಿಯ ಪುಸ್ತಕದಿಂದ ಕೈಬಿಡಲಾಗಿದೆ.

"ಪರೀಕ್ಷೆಗೆ ಬರಲ್ಲ, ಬಿಡು" ಎನ್ನುತ್ತಾರೆ ಗೆಳೆಯರು. ನಿಜ, ಬರುವುದಿಲ್ಲ. ಆದರೆ ನಮ್ಮಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಹೊಲವಿದೆ, ತೋಟವಿದೆ. ಎಲೆ ಹಳದಿಯಾದ ತಕ್ಷಣ ಅಲ್ಲಿಯೂ ಯೂರಿಯಾ ಚೀಲವೇ ಬಿಚ್ಚುತ್ತದೆ. ಯಾವ ಎಲೆ ಹಳದಿಯಾಗಿದೆ, ಹಳೆಯದೋ ಹೊಸದೋ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನು ಮನೆಗೆ ಒಯ್ಯಬೇಕಾದವರು ನಾವೇ ಅಲ್ಲವೇ?

ಪ್ರಾಂಶುಪಾಲರಲ್ಲಿ ಒಂದು ವಿನಂತಿ. ಪ್ರಯೋಗಾಲಯದ ಕಿಟಕಿಯ ಬಳಿ ನಾಲ್ಕು ಬಾಟಲಿಗಳಿಗೆ ಜಾಗ ಕೊಡಿ: ಒಂದರಲ್ಲಿ ಪೂರ್ಣ ದ್ರಾವಣ, ಉಳಿದವುಗಳಲ್ಲಿ ಸಾರಜನಕ, ಪೊಟ್ಯಾಸಿಯಂ, ಕಬ್ಬಿಣ ಒಂದೊಂದಾಗಿ ಇಲ್ಲದ ದ್ರಾವಣ. ಹೋಗುತ್ತಾ ಬರುತ್ತಾ ಎಲ್ಲರೂ ನೋಡಲಿ. ಬಾಟಲಿ, ಸಸಿ ತರುವುದು, ದಿನವೂ ಅಳೆದು ಬರೆದಿಡುವುದು ನನ್ನ ಜವಾಬ್ದಾರಿ.