ಗ್ರಾಮಸಭೆಗೆ ಬೆನ್ನು ಹಾಕಿ ಹಕ್ಕು ಕೇಳುವುದೆಂತು?

ನಾಲ್ಕು ದಿನ ನಳ್ಳಿಯಲ್ಲಿ ನೀರು ಬಾರದಿದ್ದರೆ ಮಸೀದಿಯ ಅಂಗಳದಲ್ಲಿ ಚರ್ಚೆಯಾಗುತ್ತದೆ. ಬೀದಿದೀಪ ಕೆಟ್ಟು ತಿಂಗಳಾದರೆ ಚಹಾದಂಗಡಿಯಲ್ಲಿ ಪಂಚಾಯತ್ ಸದಸ್ಯನ ವಿಚಾರಣೆ ನಡೆಯುತ್ತದೆ. ಚರಂಡಿಯ ಕೊಳಚೆ ಮನೆಯಂಗಳಕ್ಕೆ ನುಗ್ಗಿದರೆ ಅದರ ಫೋಟೋ ವಾಟ್ಸಪ್ ಗುಂಪುಗಳಲ್ಲಿ ಹರಿದಾಡುತ್ತದೆ. ಆದರೆ ಈ ಎಲ್ಲ ದೂರುಗಳನ್ನು ಕೇಳಲೆಂದೇ ಕಾನೂನು ಏರ್ಪಡಿಸಿರುವ ಗ್ರಾಮಸಭೆಯ ದಿನ ನಮ್ಮ ಮೊಹಲ್ಲಾಗಳಿಂದ ಎಷ್ಟು ಮಂದಿ ಹೋಗುತ್ತಾರೆ? ಪ್ರತಿಯೊಂದು ಜಮಾಅತ್ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಬೇಕಾಗಿದೆ.

ಗ್ರಾಮಸಭೆಯು ಅಧಿಕಾರಿಗಳು ಭಾಷಣ ಮಾಡಿ ಹೋಗುವ ಸಮಾರಂಭವಲ್ಲ. ಪಂಚಾಯತ್ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. 73ನೇ ಸಂವಿಧಾನ ತಿದ್ದುಪಡಿಯು ಗ್ರಾಮಸಭೆಗೆ ಸಂವಿಧಾನದಲ್ಲೇ ಸ್ಥಾನ ನೀಡಿದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ಅದಕ್ಕೂ ಮೊದಲು ಪ್ರತಿ ವಾರ್ಡಿನಲ್ಲಿ ವಾರ್ಡ್ ಸಭೆ ನಡೆಯಬೇಕು. ಯಾವ ಕಾಮಗಾರಿ ಮೊದಲಾಗಬೇಕು, ವಸತಿ ಯೋಜನೆಯ ಮನೆ ಯಾರಿಗೆ ಸಿಗಬೇಕು, ಕಳೆದ ವರ್ಷದ ಹಣ ಎಲ್ಲಿ ಹೋಯಿತು ಎಂಬ ಪ್ರಶ್ನೆಗಳ ಸ್ಥಳ ಇದೇ. ಇಂತಹ ಸಭೆಗೆ ಗೈರುಹಾಜರಾದವರು ಬಳಿಕ ಫಲಾನುಭವಿಗಳ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲವೆಂದು ಕೊರಗಿದರೆ ಅದಕ್ಕೆ ಯಾರು ಹೊಣೆ?

ಸಮಾಲೋಚನೆಯು ನಮಗೆ ಹೊರಗಿನಿಂದ ಬಂದ ಪಾಠವೇನೂ ಅಲ್ಲ. ಪವಿತ್ರ ಕುರ್‌ಆನಿನ ಒಂದು ಅಧ್ಯಾಯದ ಹೆಸರೇ ಶೂರಾ. ಸತ್ಯವಿಶ್ವಾಸಿಗಳ ಗುಣಗಳನ್ನು ಹೇಳುವಾಗ ಆ ಅಧ್ಯಾಯವು ಸಮಾಲೋಚನೆಯನ್ನು ಎಲ್ಲಿಟ್ಟಿದೆ ಎಂಬುದನ್ನು ಗಮನಿಸಬೇಕು: ನಮಾಝ್ ಮತ್ತು ದಾನ, ಇವೆರಡರ ನಡುವೆ. ನಮಾಝಿನ ಸಫ್ಫಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರು, ದಾನಕ್ಕೆ ಕೈ ಬಿಚ್ಚುವವರು ನಡುವಿನ ಈ ಗುಣವನ್ನು ಮಾತ್ರ ಬೇರೆಯವರ ಪಾಲಿಗೆ ಬಿಟ್ಟುಕೊಡುವುದು ಹೇಗೆ ಸರಿಯಾದೀತು?

‘ಅಲ್ಲಿ ನಮ್ಮ ಮಾತಿಗೆ ಬೆಲೆಯಿಲ್ಲ’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಈ ನೋವಿನಲ್ಲಿ ಸತ್ಯವಿರಬಹುದು. ಆದರೆ ಬಾಯಿಮಾತಿಗೆ ಬೆಲೆಯಿಲ್ಲದ ಕಡೆ ಬರಹಕ್ಕೆ ಬೆಲೆ ಇರುತ್ತದೆ. ಮನವಿಯನ್ನು ಎರಡು ಪ್ರತಿಗಳಲ್ಲಿ ಬರೆಯಬೇಕು. ಒಂದನ್ನು ಪಂಚಾಯತ್ ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ಓದಿ, ನಡಾವಳಿ ಪುಸ್ತಕದಲ್ಲಿ ದಾಖಲಿಸುವಂತೆ ಕೇಳಬೇಕು. ಮುಂದಿನ ಸಭೆಯಲ್ಲಿ, ಹಿಂದಿನ ನಿರ್ಣಯದ ಮೇಲೆ ಏನು ಕ್ರಮವಾಯಿತು ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕದ ಅರ್ಜಿಗೆ 30 ದಿನಗಳೊಳಗೆ ಉತ್ತರಿಸಬೇಕಾದುದು ಅಧಿಕಾರಿಯ ಕರ್ತವ್ಯ. ಬಡತನ ರೇಖೆಗಿಂತ ಕೆಳಗಿರುವವರು ಆ ಶುಲ್ಕವನ್ನೂ ಕೊಡಬೇಕಿಲ್ಲ. ಅಲ್ಲಿಗೂ ಕೆಲಸವಾಗದಿದ್ದರೆ ತಾಲೂಕು ಪಂಚಾಯತಿನ ಕಾರ್ಯನಿರ್ವಹಣಾಧಿಕಾರಿ, ಜಿಲ್ಲಾ ಪಂಚಾಯತಿನ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಇದ್ದಾರೆ. ಈ ಒಂದು ಮೆಟ್ಟಿಲನ್ನೂ ಹತ್ತದೆ ಬಾಗಿಲು ಮುಚ್ಚಿದೆ ಎನ್ನುವುದು ನ್ಯಾಯವಲ್ಲ.

‘ನಮ್ಮ ಕಡೆಯವರೊಬ್ಬರು ಇದ್ದಾರೆ, ಅವರಿಗೆ ಹೇಳಿದರೆ ಸಾಕು’ ಎಂಬುದು ಇನ್ನೊಂದು ಉತ್ತರ. ಇದು ಹೆಚ್ಚು ಅಪಾಯಕಾರಿ. ಹಕ್ಕಾಗಿ ಸಿಗಬೇಕಾದುದನ್ನು ಉಪಕಾರವಾಗಿ ಪಡೆದವನು ಚುನಾವಣೆಯ ದಿನ ಅದರ ಋಣ ತೀರಿಸಬೇಕಾಗುತ್ತದೆ. ಒಬ್ಬ ಮಧ್ಯವರ್ತಿಯ ಪರಿಚಯದಿಂದ ಒಂದು ಮನೆಗೆ ನೀರಿನ ಸಂಪರ್ಕ ಸಿಗಬಹುದು. ಪಕ್ಕದ ವಿಧವೆಯ ಮನೆಗೆ ಸಿಗುವುದಿಲ್ಲ, ಏಕೆಂದರೆ ಆಕೆಗೆ ಪರಿಚಯವಿಲ್ಲ. ಸಭೆಯ ನಿರ್ಣಯವಾದರೆ ಇಡೀ ಓಣಿಗೆ ನೀರು ಬರುತ್ತದೆ. ಜಮಾಅತ್ ಅಧ್ಯಕ್ಷರಿಗೂ ಪಕ್ಷದ ಕಾರ್ಯಕರ್ತರಿಗೂ ನಮ್ಮ ಗೌರವವಿದೆ. ಆದರೆ ಗ್ರಾಮದ ನಿವಾಸಿಗೂ ಪಂಚಾಯತಿಗೂ ನಡುವೆ ಅವರನ್ನು ಗೋಡೆಯಂತೆ ನಿಲ್ಲಿಸುವುದು ಅವರಿಗೂ ಒಳಿತಲ್ಲ.

ಇನ್ನು ಮಹಿಳೆಯರ ವಿಚಾರ. ನೀರಿಲ್ಲದ ಮನೆಯ ಕಷ್ಟ ಯಾರಿಗೆ ಹೆಚ್ಚು ಗೊತ್ತು? ಅಂಗನವಾಡಿಯ ಸೂರು ಸೋರುವುದನ್ನು ಮೊದಲು ಕಾಣುವವರು ಯಾರು? ಆದರೂ ಸಭೆಗೆ ಗಂಡಸರು ಹೋದರೆ ಸಾಕೆಂಬ ವಾದವನ್ನು ಕೆಲವರು ಧರ್ಮದ ಹೆಸರಿನಲ್ಲೇ ಮುಂದಿಡುತ್ತಾರೆ. ಖೌಲಾ ಬಿನ್ತ್ ಸಅಲಬಾ(ರ) ತನ್ನ ಪತಿಯಿಂದಾದ ಅನ್ಯಾಯದ ಬಗ್ಗೆ ಪ್ರವಾದಿವರ್ಯರ(ಸ) ಬಳಿ ಬಂದು ವಾದಿಸಿದಾಗ, ಅಲ್ಲಾಹನು ಆಕೆಯ ಮಾತನ್ನು ಆಲಿಸಿದನು. ಆ ವಾದದ ಹೆಸರಿನಲ್ಲೇ ‘ಮುಜಾದಲ’ ಎಂಬ ಅಧ್ಯಾಯವಿದೆ. ಓರ್ವ ಸ್ತ್ರೀಯ ದೂರಿಗೆ ಇಷ್ಟು ದೊಡ್ಡ ಸ್ಥಾನ ನೀಡಿದ ಧರ್ಮದ ಅನುಯಾಯಿಗಳು ತಮ್ಮ ಮನೆಯ ಹೆಣ್ಣುಮಕ್ಕಳ ಬಾಯಿ ಕಟ್ಟುವುದು ಯಾವ ಆಧಾರದ ಮೇಲೆ? ಕರ್ನಾಟಕದ ಪಂಚಾಯತ್ ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು. ಮಹಿಳೆಯರಿಗೂ ಮಕ್ಕಳಿಗೂ ಪ್ರತ್ಯೇಕ ಗ್ರಾಮಸಭೆ ನಡೆಸುವ ಕ್ರಮವೂ ಇದೆ. ತಾಯಂದಿರು, ಶಾಲೆಗೆ ಹೋಗುವ ಮಕ್ಕಳು ಅಲ್ಲಿ ಮಾತಾಡಲಿ.

ಕೊನೆಯದಾಗಿ, ಸಭೆಗೆ ಹೋದವರು ಕೇಳುವುದೇನು ಎಂಬುದೂ ಮುಖ್ಯ. ಖಬರಸ್ತಾನದ ಆವರಣ ಗೋಡೆಗೆ ಮಾತ್ರ ಎದ್ದು ನಿಂತು, ದಲಿತ ಕೇರಿಯ ನೀರಿನ ಮಾತು ಬಂದಾಗ ಎದ್ದು ಹೊರಡುವ ಸಮುದಾಯವು ಗೌರವವನ್ನು ನಿರೀಕ್ಷಿಸಲಾಗದು. ಪ್ರವಾದಿವರ್ಯರು(ಸ) ಪ್ರವಾದಿತ್ವಕ್ಕೆ ಮುನ್ನ ಮಕ್ಕಾದಲ್ಲಿ ಹಿಲ್ಫುಲ್ ಫುಝೂಲ್ ಎಂಬ ಒಪ್ಪಂದದಲ್ಲಿ ಪಾಲ್ಗೊಂಡರು. ಹೊರಗಿನಿಂದ ಬಂದ ವ್ಯಾಪಾರಿಗೆ ಮೋಸವಾದಾಗ, ಮರ್ದಿತನು ಯಾರೇ ಆಗಿರಲಿ ಆತನ ಪರ ನಿಲ್ಲುವೆವೆಂದು ಕುಲಗಳು ಮಾಡಿಕೊಂಡ ಒಪ್ಪಂದವದು. ಇಸ್ಲಾಮ್ ಬಂದ ಬಳಿಕವೂ ಅಂತಹ ಕರೆಗೆ ತಾನು ಓಗೊಡುವೆನೆಂದು ಅವರು ಹೇಳಿದ್ದರು.

ನಮ್ಮ ನಾಡಿನಲ್ಲೇ ಇದಕ್ಕೆ ಒಂದು ಮಾದರಿಯಿದೆ. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ 1980ರ ದಶಕದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿದರು. ಜಾತಿ ಮತಗಳನ್ನು ಕೇಳದೆ ಎಲ್ಲರಿಗೂ ನೀರು ಕೊಟ್ಟದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ಮಂಡಲ ಪಂಚಾಯತ್ ಮತ್ತು ಜಿಲ್ಲಾ ಪರಿಷತ್ತುಗಳ ಮೂಲಕ ಅಧಿಕಾರವನ್ನು ಹಳ್ಳಿಗೆ ಇಳಿಸಲು ಶ್ರಮಿಸಿದವರೂ ಅವರೇ. ಮೈಸೂರಿನಲ್ಲಿರುವ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯು ಇಂದು ಅವರ ಹೆಸರನ್ನು ಹೊತ್ತಿದೆ. ಆ ಹೆಸರನ್ನು ಅಭಿಮಾನದಿಂದ ಹೇಳಿಕೊಳ್ಳುವವರು ಅವರು ಕಟ್ಟಬಯಸಿದ ಸಭೆಯಿಂದ ದೂರವುಳಿಯಬಾರದು.

ಆದ್ದರಿಂದ ಜಮಾಅತ್‌ಗಳ ಮುಂದೆ ನಮ್ಮ ಬೇಡಿಕೆ ಸರಳವಾಗಿದೆ. ವಾರ್ಡ್ ಸಭೆ, ಗ್ರಾಮಸಭೆಗಳ ದಿನಾಂಕವನ್ನು ಜುಮಾದ ಬಳಿಕ ಪ್ರಕಟಿಸಿರಿ. ಮನವಿ ಬರೆಯಬಲ್ಲ ಇಬ್ಬರು ಯುವಕರನ್ನೂ ಇಬ್ಬರು ಯುವತಿಯರನ್ನೂ ಗುರುತಿಸಿ, ಓದು ಬಾರದವರ ಅರ್ಜಿಗಳನ್ನು, ಅವರು ಯಾವ ಧರ್ಮದವರೇ ಆಗಿರಲಿ, ಬರೆದುಕೊಡುವ ಹೊಣೆ ವಹಿಸಿರಿ. ಮತದಾನದ ದಿನ ಸಾಲಿನಲ್ಲಿ ನಿಲ್ಲುವ ನಮ್ಮ ಜನ ಉಳಿದ ಐದು ವರ್ಷ ಪಂಚಾಯತಿನ ಲೆಕ್ಕ ಕೇಳದೆ ಕೂತರೆ, ಆ ಮತವೆಂಬ ಅಮಾನತಿನ ಅರ್ಧ ಭಾಗವಷ್ಟೇ ಸಲ್ಲಿಕೆಯಾದಂತೆ. ಉಳಿದರ್ಧದ ಬಗ್ಗೆಯೂ ನಾಳೆ ಅಲ್ಲಾಹನ ಮುಂದೆ ಪ್ರಶ್ನೆಯಿದೆ.