ಬಾಡಿಗೆಯ ಆಸೆ: ದುಡಿಮೆಗಾರನ ಮೂಗಿಗೆ ತುಪ್ಪ



ನಮ್ಮವರು ನಾಲ್ವರು ಕೂಡಿದಲ್ಲೆಲ್ಲ ಈಗ ಒಂದೇ ಉಪದೇಶ ಕೇಳಿಬರುತ್ತಿದೆ: “ಪ್ರಾವಿಡೆಂಟ್ ಫಂಡಿನ ಹಣ ಬಂತೇ? ವಿರಾರಿನಲ್ಲೋ ಬದಲಾಪುರದಲ್ಲೋ ಒಂದು ಫ್ಲ್ಯಾಟು ಹಿಡಿದು ಬಾಡಿಗೆಗೆ ಕೊಡಿ. ಹಣ ಸಾಲದಿದ್ದರೆ ಬ್ಯಾಂಕು ಕೊಡುತ್ತದೆ. ಬಾಡಿಗೆಯೇ ಕಂತು ತೀರಿಸುತ್ತದೆ. ಮುಪ್ಪಿನಲ್ಲಿ ಕುಳಿತು ಉಣ್ಣಬಹುದು.” ಹೇಳುವವನು ದಲಾಲ. ಕೇಳುವವನು ಮೂವತ್ತು ವರ್ಷ ಹೊಟೇಲಿನ ಒಲೆಯ ಮುಂದೆ ಬೆಂದವನು. ಇಲ್ಲವೆ ಮುಚ್ಚಿದ ಗಿರಣಿಯಿಂದ ಬರಿಗೈಯಲ್ಲಿ ಹೊರಬಿದ್ದವನ ಮಗ. ಈ ಉಪದೇಶ ನಮ್ಮವರನ್ನು ಹಾಳು ಮಾಡುವ ಉಪದೇಶವೆಂದು ನಾವು ಮುಚ್ಚುಮರೆಯಿಲ್ಲದೆ ಸಾರುತ್ತೇವೆ.

ಮೊದಲು ಲೆಕ್ಕ ನೋಡೋಣ. ಫ್ಲ್ಯಾಟಿನ ಬೆಲೆ 40 ಲಕ್ಷ, ಬಾಡಿಗೆ ತಿಂಗಳಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,20,000; ಎಂದರೆ ನೂರಕ್ಕೆ ಮೂರು. ಇದರಲ್ಲಿ ಸೊಸಾಯಿಟಿಯ ವಂತಿಗೆ, ಮನೆ ತೆರಿಗೆ, ಸುಣ್ಣಬಣ್ಣ, ದಲಾಲಿ, ವರ್ಷಕ್ಕೊಂದು ತಿಂಗಳು ಮನೆ ಖಾಲಿ ಬಿದ್ದ ನಷ್ಟ, ಎಲ್ಲವನ್ನೂ ಕಳೆಯಿರಿ. ಕೈಗೆ ಸಿಗುವುದು ನೂರಕ್ಕೆ ಎರಡು ಚಿಲ್ಲರೆ. ಅದೇ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ 2024-25ರಲ್ಲಿ ನೂರಕ್ಕೆ 8.2 ಬಡ್ಡಿ ಕೊಟ್ಟಿದೆ. ಅಲ್ಲಿ ನಲ್ಲಿ ಸೋರುವುದಿಲ್ಲ, ಬಾಡಿಗೆದಾರ ಓಡಿಹೋಗುವುದಿಲ್ಲ.

ಇನ್ನು ಸಾಲದ ಮಾತು. 30 ಲಕ್ಷವನ್ನು ನೂರಕ್ಕೆ ಎಂಟೂವರೆ ಬಡ್ಡಿಯಂತೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 26,000. ಬಾಡಿಗೆ ಬರುವುದು ಹತ್ತು ಸಾವಿರ. ಉಳಿದ ಹದಿನಾರು ಸಾವಿರ ಎಲ್ಲಿಂದ? ನಿಮ್ಮ ಸಂಬಳದಿಂದ, ಮಕ್ಕಳ ಹೊಟ್ಟೆಯಿಂದ, ಮಗಳ ಶಾಲೆಯ ಫೀಸಿನಿಂದ! ಇಪ್ಪತ್ತು ವರ್ಷಕ್ಕೆ ಬ್ಯಾಂಕಿಗೆ ಸಲ್ಲುವುದು 62 ಲಕ್ಷಕ್ಕೂ ಮಿಕ್ಕಿ. ಅದಕ್ಕೂ ಮೊದಲೇ ಮುದ್ರಾಂಕ ಶುಲ್ಕ, ನೋಂದಣಿ ಎಂದು ಎರಡೂ ಮುಕ್ಕಾಲು ಲಕ್ಷದಷ್ಟು ಕೈಬಿಟ್ಟಿರುತ್ತದೆ. ಕಟ್ಟಿದವನಿಗೆ ಲಾಭ, ದಲಾಲನಿಗೆ ಲಾಭ, ಬ್ಯಾಂಕಿಗೆ ಲಾಭ. ಹಣ ಹೂಡಿದವನಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಫಲ.

“ಬೆಲೆ ಏರುತ್ತದಲ್ಲ!” ಎನ್ನುತ್ತಾರೆ. ಏರಬಹುದು. ಪರೇಲಿನಲ್ಲಿ ಏರಲಿಲ್ಲವೇ? ಆ ಏರಿಕೆಯನ್ನು ಉಂಡವರು ಯಾರು? 1982ರ ಜನವರಿಯಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿ ಜಾಗದಲ್ಲಿ ಮೂರನೆಯ ಒಂದು ಪಾಲು ಬಯಲಿಗೆ, ಒಂದು ಪಾಲು ಬಡವರ ವಸತಿಗೆ ಎಂದು 1991ರ ನಿಯಮ ಹೇಳಿತ್ತು. 2001ರ ತಿದ್ದುಪಡಿ ಆ ಪಾಲನ್ನು ಖಾಲಿ ಜಾಗಕ್ಕೆ ಮಾತ್ರ ಇಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. 2012ರಲ್ಲಿ ಮ್ಹಾಡಾ ಗಿರಣಿ ಕಾರ್ಮಿಕರಿಗಾಗಿ ಮೊದಲ ಲಾಟರಿ ಎತ್ತಿದಾಗ ಮನೆಗಳು ಸುಮಾರು ಏಳು ಸಾವಿರ, ಅರ್ಜಿದಾರರು ಲಕ್ಷಕ್ಕೂ ಮಿಕ್ಕಿ. ನೆಲದ ಬೆಲೆ ಏರಿದಾಗ ಕಾಯಬಲ್ಲ ಹಣವಂತನೇ ಗೆಲ್ಲುತ್ತಾನೆ. ನಮಗೆ ಕಾಯುವ ಶಕ್ತಿ ಎಲ್ಲಿದೆ? ಮನೆಯಾಕೆಗೆ ಆಪರೇಶನ್ ಎಂದರೆ ಫ್ಲ್ಯಾಟಿನ ಅಡುಗೆಕೋಣೆಯೊಂದನ್ನೇ ಕಿತ್ತು ಮಾರಲಾದೀತೇ?

ಇನ್ನೂ ಘೋರವಾದುದು ಊರಿನ ಜಾಗ ಅಡವಿಟ್ಟು ಇಲ್ಲಿ ಫ್ಲ್ಯಾಟು ಕೊಳ್ಳುವ ಹುಚ್ಚು. ನಮ್ಮಲ್ಲಿ ಎಷ್ಟೋ ಮಂದಿ ಗೇಣಿ ಒಕ್ಕಲುಗಳ ಮಕ್ಕಳು, ಮೊಮ್ಮಕ್ಕಳು. ಧಣಿಯ ಅಂಗಳಕ್ಕೆ ಗೇಣಿ ಅಕ್ಕಿ ಹೊತ್ತು ಅಜ್ಜನ ಬೆನ್ನು ಬಾಗಿತ್ತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಆ ನೆಲ ಉತ್ತವನದಾಯಿತು. ಅಂಥ ನೆಲವನ್ನು ಅಡವಿಟ್ಟು, ಇಲ್ಲಿ ಇನ್ನೊಬ್ಬ ದುಡಿಮೆಗಾರನಿಂದ ಗೇಣಿ ಎತ್ತುವ ಧಣಿಯಾಗುವುದೇ ನಮ್ಮ ಏಳಿಗೆ? ಒಂದೇ ಖೋಲಿಯಲ್ಲಿ ಎಂಟು ಮಂಚ ಹಾಕಿಸಿ ತಲೆಗಿಷ್ಟು ಎಂದು ವಸೂಲಿ ಮಾಡುವ ನಮ್ಮವರನ್ನೂ ನಾವು ಬಲ್ಲೆವು. ಆ ಮಂಚದಲ್ಲಿ ಮಲಗುವವನು ಕುಂದಾಪುರದಿಂದ ಬಂದ ನಮ್ಮ ಹುಡುಗನೇ ಎಂಬುದನ್ನು ಅವರು ಮರೆತಿದ್ದಾರೆ.

ಹಾಗಾದರೆ ಮನೆ ಕೊಳ್ಳುವುದೇ ಬೇಡವೇ? ನಿಮ್ಮ ವಾಸಕ್ಕೊಂದು ಸೂರು ಖಂಡಿತ ಬೇಕು. ಅದಕ್ಕೆ ನಾವು ವಿರೋಧಿಗಳಲ್ಲ. ಆದರೆ ಹೊಸ ಕಟ್ಟಡವಾದರೆ ರೇರಾ ನೋಂದಣಿ ಸಂಖ್ಯೆಯನ್ನು ನೋಡದೆ ಕಾಸು ಬಿಚ್ಚಬೇಡಿ. 2016ರ ಆ ಕಾಯದೆಯಂತೆ, ಕರಾರು ನೋಂದಣಿಯಾಗುವ ಮುಂಚೆ ಬೆಲೆಯ ಹತ್ತನೆಯ ಒಂದಂಶಕ್ಕಿಂತ ಹೆಚ್ಚನ್ನು ಕಟ್ಟುವವನು ಕೇಳುವಂತಿಲ್ಲ. ಎರಡನೆಯ ಮನೆಯ ಮಾತು ಬಂದರೆ, ಸಾಲವಿಲ್ಲದೆ, ಮುಪ್ಪಿನ ಅನ್ನಕ್ಕೂ ಔಷಧಿಗೂ ಬೇರೆ ತೆಗೆದಿಟ್ಟು ಉಳಿದರೆ ಮಾತ್ರ ಯೋಚಿಸಿ.

ಈಗಾಗಲೇ ಬಾಡಿಗೆಗೆ ಕೊಟ್ಟವರು ನ್ಯಾಯವಾಗಿ ನಡೆಯಲಿ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯದೆಯ 55ನೆಯ ಕಲಮಿನ ಪ್ರಕಾರ ಕರಾರು ಬರೆದು ನೋಂದಾಯಿಸುವ ಹೊಣೆ ಮನೆಯೊಡೆಯನದೇ. ತಪ್ಪಿದರೆ ಮೂರು ತಿಂಗಳವರೆಗೆ ಸಜೆ, ಇಲ್ಲವೆ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ನೋಂದಣಿಯಾಗದಿದ್ದರೆ ಷರತ್ತುಗಳ ಕುರಿತು ಬಾಡಿಗೆದಾರ ಹೇಳಿದ್ದೇ, ಸುಳ್ಳೆಂದು ರುಜುವಾಗುವ ತನಕ, ನಿಲ್ಲುತ್ತದೆ. ಬಾಡಿಗೆಗಿರುವ ತಮ್ಮಂದಿರೇ, ಇದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ.

2011ರ ಜನಗಣತಿಯ ಕಾಲಕ್ಕೆ ಇದೇ ಮುಂಬಯಿಯಲ್ಲಿ ಸುಮಾರು 4.8 ಲಕ್ಷ ಮನೆಗಳು ಖಾಲಿ ಬಿದ್ದಿದ್ದವು. ನಮ್ಮ ಹುಡುಗರೋ ಬಾಗಿಲು ಹಾಕಿದ ಹೊಟೇಲಿನ ಮೇಜುಗಳ ನಡುವೆ ಮಲಗುತ್ತಾರೆ. ವಲಸೆ ಕಾರ್ಮಿಕರಿಗೆ ಅಗ್ಗದ ಬಾಡಿಗೆ ವಸತಿಯ ಯೋಜನೆಯನ್ನು ಕೇಂದ್ರ ಸರಕಾರ 2020ರಲ್ಲಿ ಘೋಷಿಸಿತು. ಘೋಷಣೆಯ ಕೆಳಗೆ ಮಲಗಲಾಗದು. ಮಾಡಿನ ಕೆಳಗೆ ಮಲಗಬೇಕು. ಹೊಟೇಲು ಕೆಲಸಗಾರರಿಗೆ ಬಾಡಿಗೆ ವಸತಿ, ಗಿರಣಿ ಕಾರ್ಮಿಕರಿಗೆ ಅವರ ಪಾಲಿನ ಮನೆ: ನಮ್ಮ ಬೇಡಿಕೆ ಇಷ್ಟು. ಒಬ್ಬೊಬ್ಬರಾಗಿ ಪುಟ್ಟ ಧಣಿಗಳಾಗಲು ಹೊರಟರೆ ಒಬ್ಬೊಬ್ಬರಾಗಿಯೇ ಮುಳುಗುತ್ತೇವೆ. ಒಂದಾಗಿ ಸೂರು ಕೇಳಿದರೆ ಕೊಡದೆ ಇರುವುದು ಯಾವ ಸರಕಾರಕ್ಕೂ ಸುಲಭವಲ್ಲ.